ಏಳಡಿ ವೃತ್ತದ ವೃತ್ತಾಂತ: ಗುಂಡಿನ ಬಹಾದೂರ್ ಸಿಂಗ್

ಗುಂಡು ಎಸೆತ ಎಂದು ನಾವು ಕನ್ನಡದಲ್ಲಿ ಕರೆಯುವ ಆಟದ ಹೆಸರಿನಲ್ಲಿಯೇ ಒಂದು ಸಣ್ಣ ತಪ್ಪುಂಟು. ಆ ಆಟದಲ್ಲಿ ಗುಂಡನ್ನು ಎಸೆಯುವುದಿಲ್ಲ, ಎಸೆಯಕೂಡದು. ಕೊರಳಿಗೆ ಒತ್ತಿ ಹಿಡಿದ ಗುಂಡನ್ನು ಹೆಗಲಿನ ಮಟ್ಟದಿಂದ ಮುಂದಕ್ಕೆ ನೂಕಬೇಕು. ಕೈ ಹೆಗಲಿನ ಹಿಂದಕ್ಕೆ ಹೋಯಿತೆಂದರೆ ಆ ಪ್ರಯತ್ನವೇ ಅಸಿಂಧು. ಹಳಗನ್ನಡದಲ್ಲಿ 'ಎಸು' ಎಂದರೆ ಬಾಣ ಬಿಡುವುದು, 'ಎಸುಗೆ' ಎಂದರೆ ಬಾಣಪ್ರಯೋಗ. ಹಗುರವಾದುದನ್ನು ದೂರಕ್ಕೆ ಹಾರಿಸುವ ಕೆಲಸಕ್ಕೆ ಹುಟ್ಟಿದ ಮಾತನ್ನು ನಾವು ಏಳೂಕಾಲು ಕಿಲೋ ಕಬ್ಬಿಣಕ್ಕೆ ಹಚ್ಚಿದ್ದೇವೆ. ನಮ್ಮ ಶಾಲೆಗಳ ಕ್ರೀಡೋತ್ಸವದಲ್ಲಿ ಹುಡುಗರು ಗುಂಡನ್ನು ಚೆಂಡಿನಂತೆ ಬೀಸಿ ಒಗೆದು ಮೊಣಕೈ ಹಿಡಿದುಕೊಂಡು ಕೂರುವುದಕ್ಕೆ ಈ ಹೆಸರೂ ಅಷ್ಟಿಷ್ಟು ಕಾರಣವೇ ಏನೋ. 'ಗುಂಡುನೂಕು' ಎಂದಿದ್ದರೆ ಕಿವಿಗೆ ಒರಟು, ಆದರೆ ನಿಜಕ್ಕೆ ಹತ್ತಿರ. ಆದರೂ ರೂಢಿಯೇ ಬಲವಾದುದು. ನಾನೂ ಎಸೆತವೆಂದೇ ಬರೆಯುತ್ತೇನೆ.

ಈ ಆಟದಲ್ಲಿ ಮೂರು ಏಷ್ಯನ್ ಕ್ರೀಡಾಕೂಟಗಳಲ್ಲಿ ಪದಕ ಗೆದ್ದು, ಆಮೇಲೆ ಇಪ್ಪತ್ತೈದು ವರ್ಷ ಭಾರತದ ಅಥ್ಲೆಟಿಕ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದವರು ಬಹಾದೂರ್ ಸಿಂಗ್ ಚೌಹಾಣ್. ಓಟಗಾರರ ಹೆಸರು ನಮ್ಮ ಮನೆಮನೆಗಳಲ್ಲಿ ಬಳಕೆಯಲ್ಲುಂಟು. ಮಿಲ್ಖಾ ಸಿಂಗ್ ಎಂದರೆ, ಪಿ. ಟಿ. ಉಷಾ ಎಂದರೆ ಚಿಕ್ಕ ಮಕ್ಕಳೂ ತಲೆಯಾಡಿಸುತ್ತಾರೆ. ಗುಂಡಿನವರ ಹೆಸರು ಹಾಗೆ ಬಾಯಿಗೆ ಬರುವುದಿಲ್ಲ. ಓಟವನ್ನು ರೇಡಿಯೋದಲ್ಲಿ ಕೇಳಿಯೂ ರೋಮಾಂಚಗೊಳ್ಳಬಹುದು. ಗುಂಡು ಎಸೆತದ ವೀಕ್ಷಕ ವಿವರಣೆ ಎಂದರೆ ಒಂದು 'ಧಬ್' ಎಂಬ ಸದ್ದು, ಅದರ ಬೆನ್ನಿಗೆ ಅಳತೆಯ ಪಟ್ಟಿ ಹಿಡಿದವರ ಮೌನ, ಆಮೇಲೆ ಒಂದು ಅಂಕಿ, ಅಷ್ಟೆ.

ಆ ಅಂಕಿಯ ಹಿಂದೆ ಏನೇನು ಇರುತ್ತದೆಂಬುದನ್ನು ಮೊದಲು ಹೇಳಬೇಕು. ಗಂಡಸರ ಗುಂಡಿನ ತೂಕ 7.26 ಕಿಲೋಗ್ರಾಂ, ಹಳೆಯ ಲೆಕ್ಕದಲ್ಲಿ 16 ಪೌಂಡು. ಗಾತ್ರ ಒಂದು ಸುಲಿದ ತೆಂಗಿನಕಾಯಿಯಷ್ಟು. ಅದನ್ನು ಹಿಡಿದು ನಿಲ್ಲುವ ವೃತ್ತದ ವ್ಯಾಸ ಏಳಡಿ, ಎಂದರೆ 2.135 ಮೀಟರ್. ಮುಂದುಗಡೆ ಒಂದು ಮರದ ಅಡ್ಡಗಟ್ಟೆ. ಅದಕ್ಕೆ ಕಾಲು ಒರಗಿಸಬಹುದು, ಮೆಟ್ಟಬಾರದು. ಎಸೆದ ಮೇಲೆ ವೃತ್ತದ ಹಿಂದಿನ ಅರ್ಧದಿಂದಲೇ ಹೊರಬರಬೇಕು. ಓಡಿ ಬಂದು ಎಸೆಯುವ ಸೌಕರ್ಯ ಈಟಿಯವನಿಗೆ ಉಂಟು, ಗುಂಡಿನವನಿಗೆ ಇಲ್ಲ. ಅವನ ಸಮಸ್ತ ಸಾಮರ್ಥ್ಯವೂ ಆ ಏಳಡಿಯೊಳಗೇ ಹುಟ್ಟಬೇಕು, ಅಲ್ಲಿಯೇ ತೀರಬೇಕು. ನೋಡುವವರಿಗೆ ಎಲ್ಲವೂ ತೋಳಿನ ಕೆಲಸವೆಂದು ತೋರುತ್ತದೆ. ವಾಸ್ತವವಾಗಿ ಬಲ ಹುಟ್ಟುವುದು ಕಾಲಿನಲ್ಲಿ. ಅದು ಸೊಂಟಕ್ಕೆ ಏರಿ, ಬೆನ್ನಿನ ತಿರುವಿನಲ್ಲಿ ಬೆಳೆದು, ಕಡೆಗೆ ತೋಳಿನ ಮೂಲಕ ಬೆರಳ ತುದಿಗೆ ಬರುತ್ತದೆ. ತೋಳು ಆ ಬಲವನ್ನು ಮುಟ್ಟಿಸುವ ಕಡೆಯ ಆಳು ಮಾತ್ರ.

ಗಣಿತದ ಉಪಾಧ್ಯಾಯರು 45 ಡಿಗ್ರಿ ಕೋನದಲ್ಲಿ ಎಸೆದರೆ ಅತಿ ದೂರ ಹೋಗುತ್ತದೆಂದು ಪಾಠ ಹೇಳುವುದುಂಟು. ಗುಂಡಿಗೆ ಆ ಪಾಠ ಸರಿಯಾಗಿ ಒಪ್ಪದು. ಗುಂಡು ನೆಲದಿಂದ ಹೊರಡುವುದಿಲ್ಲ, ಎರಡು ಮೀಟರಿಗೂ ಎತ್ತರದಲ್ಲಿರುವ ಕೈಯಿಂದ ಹೊರಡುತ್ತದೆ. ಮೇಲಾಗಿ ಮನುಷ್ಯನ ದೇಹ ತೀರ ಮೇಲಕ್ಕೆ ನೂಕುವುದಕ್ಕಿಂತ ಸ್ವಲ್ಪ ಮುಂದಕ್ಕೆ ನೂಕುವಾಗ ಹೆಚ್ಚು ವೇಗ ಕೊಡಬಲ್ಲದು. ಆದುದರಿಂದ ಒಳ್ಳೆಯ ಎಸೆತಗಾರರ ಕೋನ 40 ಡಿಗ್ರಿಗೂ ಕೆಳಗೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಕೈಬಿಡುವ ಕ್ಷಣದ ವೇಗ. ವೇಗ ಹತ್ತರಲ್ಲೊಂದು ಪಾಲು ಹೆಚ್ಚಿದರೆ ದೂರ ಸುಮಾರು ಐದರಲ್ಲೊಂದು ಪಾಲು ಹೆಚ್ಚುತ್ತದೆ. ಈ ವೇಗಕ್ಕಾಗಿಯೇ ಅಮೆರಿಕದ ಪ್ಯಾರಿ ಓಬ್ರಿಯನ್ 1950ರ ದಶಕದ ಆರಂಭದಲ್ಲಿ ಎಸೆಯುವ ದಿಕ್ಕಿಗೆ ಬೆನ್ನು ಮಾಡಿ ನಿಂತು, ಹಿಂದಕ್ಕೆ ಜಾರಿ ಬಂದು, ತಟ್ಟನೆ ತಿರುಗಿ ನೂಕುವ ಕ್ರಮವನ್ನು ಬಳಕೆಗೆ ತಂದ. 1952ರಲ್ಲಿಯೂ 1956ರಲ್ಲಿಯೂ ಒಲಿಂಪಿಕ್ ಚಿನ್ನ ಅವನದೇ. ಇಪ್ಪತ್ತು ವರ್ಷಗಳ ಮೇಲೆ ಸೋವಿಯತ್ ದೇಶದ ಅಲೆಕ್ಸಾಂಡರ್ ಬರಿಷ್ನಿಕೋವ್ ಚಕ್ರ ಎಸೆಯುವವನಂತೆ ವೃತ್ತದಲ್ಲಿ ಗಿರ್ರನೆ ಸುತ್ತಿ ಎಸೆದು, 1976ರಲ್ಲಿ 22 ಮೀಟರ್ ಮುಟ್ಟಿದ.

ನಮ್ಮ ದೇಶದಲ್ಲಿ ಈ ವಿದ್ಯೆ ಹೆಚ್ಚಾಗಿ ಪಂಜಾಬಿನ ಮಣ್ಣಿನಲ್ಲಿ ಬೇರುಬಿಟ್ಟಿತು. ಬಲವನ್ನು ಮೆಚ್ಚುವ ಮನಸ್ಸು ಎಲ್ಲ ಸೀಮೆಯಲ್ಲೂ ಉಂಟು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲವಾನರಿಗೆ ಸಿಗುವ ಕೇಕೆ ಚಪ್ಪಾಳೆಗಳನ್ನು ಕೇಳಿದವರಿಗೆ ಇದು ತಿಳಿದದ್ದೇ. ಆದರೆ ಆ ಬಲವನ್ನು ಏಳಡಿ ವೃತ್ತಕ್ಕೆ ಒಗ್ಗಿಸುವ ಪರಂಪರೆ ಬೆಳೆದದ್ದು ಅಲ್ಲಿ. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡಾಕೂಟದ ಗುಂಡಿನ ಚಿನ್ನ ಭಾರತದ ಮದನ್ ಲಾಲರಿಗೆ ಬಂತು. 1954ರಲ್ಲಿಯೂ 1958ರಲ್ಲಿಯೂ ಪ್ರದ್ಯುಮ್ನ ಸಿಂಗ್ ಬ್ರಾರ್ ಗೆದ್ದರು. 1954ರ ಮನಿಲಾದಲ್ಲಿ ಅವರು ಗುಂಡಿನ ಜತೆಗೆ ಚಕ್ರ ಎಸೆತದ ಚಿನ್ನವನ್ನೂ ತಂದರು. (ಆ ಪ್ರದ್ಯುಮ್ನ ಸಿಂಗರು ಮುಂದೆ ಪಾರ್ಶ್ವವಾಯು ಬಡಿದು, ಬಡತನದಲ್ಲಿ, ಬಹುಮಂದಿಗೆ ಮರೆತುಹೋಗಿ ಬದುಕಿದರು. ಅರ್ಜುನ ಪ್ರಶಸ್ತಿ ಅವರ ಮನೆ ಬಾಗಿಲಿಗೆ ಬಂದುದು 1999ರಲ್ಲಿ, ಗೆದ್ದು ನಾಲ್ಕು ದಶಕ ಕಳೆದ ಮೇಲೆ. 2007ರಲ್ಲಿ ತೀರಿಕೊಂಡರು. ಇದನ್ನು ಬರೆಯದೆ ಮುಂದಕ್ಕೆ ಹೋಗಲು ಮನಸ್ಸು ಬಾರದು.) 1966 ಮತ್ತು 1970ರಲ್ಲಿ, ಎರಡು ಸಲವೂ ಬ್ಯಾಂಕಾಕಿನಲ್ಲಿ, ಜೋಗಿಂದರ್ ಸಿಂಗ್ ಗೆದ್ದರು.

ಬಹಾದೂರ್ ಸಿಂಗರು ಹುಟ್ಟಿದ್ದು 1946ರ ಫೆಬ್ರವರಿ 8ರಂದು. 1974ರ ಟೆಹರಾನ್ ಏಷ್ಯನ್ ಕೂಟದ ಹೊತ್ತಿಗೆ ಅವರಿಗೆ ಇಪ್ಪತ್ತೆಂಟು. ಓಟಗಾರನಿಗೆ ಅದು ಇಳಿಗಾಲದ ಬಾಗಿಲು. ಗುಂಡಿನವನಿಗೆ ಆಗತಾನೆ ಹೂ ಕಟ್ಟುವ ಕಾಲ. ಅಲ್ಲಿ ಇರಾನಿನ ಜಲಾಲ್ ಕೇಶ್ಮಿರಿ ತನ್ನ ಜನರ ಎದುರಿಗೇ ಚಿನ್ನ ಗೆದ್ದ, ಬಹಾದೂರರಿಗೆ ಬೆಳ್ಳಿ. ಎರಡು ವರ್ಷದ ಮೇಲೆ, 1976ರಲ್ಲಿ, ಅರ್ಜುನ ಪ್ರಶಸ್ತಿ. 1978ರಲ್ಲಿ ಬ್ಯಾಂಕಾಕಿನಲ್ಲಿ, ಜೋಗಿಂದರ್ ಸಿಂಗ್ ಎರಡು ಸಲ ಗೆದ್ದಿದ್ದ ಅದೇ ಊರಿನಲ್ಲಿ, ಚಿನ್ನ. ಹರಿಚಂದ್ 5,000 ಮತ್ತು 10,000 ಮೀಟರ್ ಎರಡನ್ನೂ ಗೆದ್ದ, ಗೀತಾ ಝುತ್ಶಿ 800 ಮೀಟರ್ ಗೆದ್ದ ಕೂಟವದು. ಆ ಸುಗ್ಗಿಯಲ್ಲಿ ಗುಂಡಿನ ಚಿನ್ನದ ಕಡೆಗೆ ಜನರ ಕಣ್ಣು ಅಷ್ಟಾಗಿ ಹೋಗಲಿಲ್ಲವೆಂದರೆ ಆಶ್ಚರ್ಯವಿಲ್ಲ.

1980ರಲ್ಲಿ ಅವರು ಮಾಸ್ಕೋ ಒಲಿಂಪಿಕ್ಸಿಗೆ ಹೋದರು. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಏಷ್ಯದಲ್ಲಿ ಅಗ್ರಸ್ಥಾನದವರಾಗಿದ್ದ ಅವರು ಅಲ್ಲಿ ಪದಕದ ಹತ್ತಿರಕ್ಕೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಆ ದಿನಗಳ ಏಷ್ಯದ ಗುಂಡು 18 ಮೀಟರಿನ ಆಸುಪಾಸಿನಲ್ಲಿ ಬೀಳುತ್ತಿತ್ತು. ಮಾಸ್ಕೋದಲ್ಲಿ ಗೆದ್ದ ವ್ಲಾದಿಮೀರ್ ಕಿಸೆಲ್ಯೋವನ ಎಸೆತ 21.35 ಮೀಟರ್. ಪೂರ್ವ ಜರ್ಮನಿಯ ಊಡೋ ಬೇಯರ್ 1978ರಲ್ಲಿಯೇ 22.15 ಮೀಟರಿನ ವಿಶ್ವದಾಖಲೆ ಬರೆದಿದ್ದ. ಮೂರು ನಾಲ್ಕು ಮೀಟರಿನ ಅಂತರವೆಂದರೆ ಗುಂಡಿನ ಲೋಕದಲ್ಲಿ ಒಂದು ತಲೆಮಾರಿನ ಅಂತರ. ಆ ಪೂರ್ವ ಜರ್ಮನಿಯಲ್ಲಿ ಸರಕಾರವೇ ನಿಂತು ಆಟಗಾರರಿಗೆ ಮದ್ದು ಉಣಿಸುತ್ತಿತ್ತೆಂಬುದು ಆ ರಾಜ್ಯ ಬಿದ್ದ ಮೇಲೆ ಕಾಗದಪತ್ರಗಳಿಂದಲೇ ಹೊರಬಿತ್ತು; ಹೀಗಾಗಿ ಆ ಕಾಲದ ದೂರಗಳನ್ನೆಲ್ಲ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಆದರೆ ಅದನ್ನು ಕಳೆದರೂ ಅಂತರ ತುಂಬುವುದಿಲ್ಲ. ನಮ್ಮಲ್ಲಿ ತೂಕ ಎತ್ತುವ ಒಳ್ಳೆಯ ಸಲಕರಣೆ, ಆಹಾರದ ಶಾಸ್ತ್ರ, ಚಲನಚಿತ್ರ ಹಿಡಿದು ಒಂದೊಂದು ಹೆಜ್ಜೆಯನ್ನೂ ಪರೀಕ್ಷಿಸುವ ಏರ್ಪಾಡು, ಇವೆಲ್ಲ ಬಹಳ ತಡವಾಗಿ ಬಂದವು.

ಮಾಸ್ಕೋದಿಂದ ಬಂದವರಿಗೆ ಮೂವತ್ತನಾಲ್ಕು ವರ್ಷ. ನಿಲ್ಲಿಸಿದ್ದರೆ ಯಾರೂ ಏಕೆಂದು ಕೇಳುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. 1982ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಒಂಬತ್ತನೆಯ ಏಷ್ಯನ್ ಕೂಟ. ಹೊಸದಾಗಿ ಕಟ್ಟಿದ ಜವಾಹರಲಾಲ್ ನೆಹರೂ ಕ್ರೀಡಾಂಗಣ. ಬಣ್ಣದ ದೂರದರ್ಶನ ನಮ್ಮ ದೇಶಕ್ಕೆ ಕಾಲಿಟ್ಟ ವರ್ಷ. ನಮ್ಮಂಥ ಊರುಗಳಿಗೆ ಮಾತ್ರ ಅದು ಇನ್ನೂ ಆಕಾಶವಾಣಿಯ ಏಷ್ಯಾಡೇ ಆಗಿತ್ತು. ಅಥ್ಲೆಟಿಕ್ಸಿನಲ್ಲಿ ಭಾರತಕ್ಕೆ ನಾಲ್ಕು ಚಿನ್ನ: 800 ಮೀಟರಿನಲ್ಲಿ ಚಾರ್ಲ್ಸ್ ಬೊರೊಮಿಯೊ, 400 ಮೀಟರ್ ಹರ್ಡಲ್ಸಿನಲ್ಲಿ ಎಂ. ಡಿ. ವಲ್ಸಮ್ಮ, 20 ಕಿಲೋಮೀಟರ್ ನಡಿಗೆಯಲ್ಲಿ ಚಾಂದ್ ರಾಮ್, ಗುಂಡಿನಲ್ಲಿ ಮೂವತ್ತಾರು ವರ್ಷದ ಬಹಾದೂರ್ ಸಿಂಗ್. ಅವರ ಮೂರು ಪದಕಗಳಲ್ಲಿ ಇದೇ ದೊಡ್ಡದೆಂದು ನನ್ನ ಎಣಿಕೆ. ಎಂಟು ವರ್ಷದ ಅವಧಿಯಲ್ಲಿ ಟೆಹರಾನ್, ಬ್ಯಾಂಕಾಕ್, ದಿಲ್ಲಿ ಮೂರೂ ಕಡೆ ಪದಕದ ವೇದಿಕೆಗೆ ಹತ್ತುವುದೆಂದರೆ ಬೆನ್ನು, ಮೊಣಕಾಲು, ಮಣಿಕಟ್ಟುಗಳ ಮೇಲೆ ಸಾವಿರಾರು ದಿನಗಳ ಭಾರ. ಮಾರನೆಯ ವರ್ಷ ಪದ್ಮಶ್ರೀ ಬಂತು.

ಆ ದಿಲ್ಲಿಯ ಚಿನ್ನದ ನಂತರ ಏಷ್ಯನ್ ಕೂಟದಲ್ಲಿ ಭಾರತಕ್ಕೆ ಮತ್ತೊಂದು ಗುಂಡಿನ ಚಿನ್ನ ಬರಲು ಇಪ್ಪತ್ತು ವರ್ಷ ಬೇಕಾಯಿತು. 1986, 1990, 1994, 1998, ನಾಲ್ಕೂ ಸಲ ಚೀನೀಯರು ಒಯ್ದರು. ಈ ಬರಗಾಲದ ನಡುವೆ, 1995ರಲ್ಲಿ, ಬಹಾದೂರ್ ಸಿಂಗರು ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರಾದರು. 1998ರ ದ್ರೋಣಾಚಾರ್ಯ ಪ್ರಶಸ್ತಿಯೂ ಅವರಿಗೆ ಸಂದಿತು.

ಪ್ರಶಸ್ತಿಯ ಹೆಸರು ಯೋಚನೆಗೆ ಹಚ್ಚುವಂಥದು. ಭಾರತದ ದ್ರೋಣನಿಗೆ ಅರ್ಜುನನಂಥ ಶಿಷ್ಯನೂ ಉಂಟು, ದೂರದಲ್ಲಿ ನಿಂತು ಕಲಿತ ಏಕಲವ್ಯನೂ ಉಂಟು. ಇಬ್ಬರಲ್ಲಿ ಯಾರ ವಿದ್ಯೆಗೆ ಅವನು ಎಷ್ಟು ಹೊಣೆಯೆಂಬುದು ಇಂದಿಗೂ ನಮ್ಮ ಗಮಕಿಗಳು, ಶ್ರೋತೃಗಳು ಚರ್ಚಿಸುವ ವಿಷಯ. ಮುಖ್ಯ ತರಬೇತುದಾರನ ಪಾಡೂ ಹೀಗೆಯೇ. ಗುಂಡು, ಚಕ್ರಗಳ ಮರ್ಮ ತಿಳಿದವನು ಓಟ, ಜಿಗಿತ, ನಡಿಗೆ, ಈಟಿ ಎಲ್ಲಕ್ಕೂ ಯಜಮಾನನಾಗಬೇಕು. ಒಬ್ಬೊಬ್ಬ ಆಟಗಾರನಿಗೂ ಅವನದೇ ಆದ ಗುರು ಇರುತ್ತಾನೆ, ಕೆಲವರಿಗೆ ಹೊರದೇಶದವನು. ಮುಖ್ಯನ ಕೆಲಸ ಶಿಬಿರ ನಡೆಸುವುದು, ಯಾರು ಸಿದ್ಧ ಯಾರು ಅಲ್ಲವೆಂದು ತೂಗುವುದು, ಕೈಬಿಟ್ಟವರ ದೂರು ಕೇಳುವುದು, ಒಕ್ಕೂಟಕ್ಕೂ ಸರಕಾರಕ್ಕೂ ನಡುವೆ ಕಾಗದ ಓಡಾಡಿಸುವುದು. ಪದಕ ಬಂದರೆ ಆಟಗಾರನದು, ಬಾರದಿದ್ದರೆ ಮುಖ್ಯನದು. ಹೆಡ್‌ಮಾಸ್ಟರಿಕೆಯ ಬಿಸಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಕಾಲದಲ್ಲಿ ಬಂದ ಫಲಗಳನ್ನು ನೋಡೋಣ. 2002ರ ಬೂಸಾನ್ ಏಷ್ಯನ್ ಕೂಟದಲ್ಲಿ ಗುಂಡಿನ ಚಿನ್ನ ಕಡೆಗೂ ಮರಳಿತು. ಗೆದ್ದವರ ಹೆಸರೂ ಬಹಾದೂರ್ ಸಿಂಗ್! ಇವರು ಬಹಾದೂರ್ ಸಿಂಗ್ ಸಾಗೂ, ಬೇರೆಯವರು. ಗುರುವಿನ ಹೆಸರನ್ನೇ ಹೊತ್ತವನು ಗುರುವಿನ ಇಪ್ಪತ್ತು ವರ್ಷದ ಹಿಂದಿನ ಪದಕವನ್ನು ತಂದನೆಂದರೆ ಕಥೆಯಲ್ಲಿ ಬರೆದರೆ ಯಾರೂ ನಂಬರು. ಹಳೆಯ ಅಂಕಿಪಟ್ಟಿಗಳನ್ನು ನೋಡುವವರು ಇಬ್ಬರನ್ನೂ ಒಬ್ಬರೆಂದೇ ತಿಳಿದು ಎಡವುವುದೂ ಉಂಟು. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅಂಜು ಬಾಬಿ ಜಾರ್ಜ್ ಉದ್ದ ಜಿಗಿತದಲ್ಲಿ 6.70 ಮೀಟರ್ ಹಾರಿ ಕಂಚು ತಂದರು. ಆ ಮಟ್ಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ಅವರ ಗುರು ಪತಿ ರಾಬರ್ಟ್ ಬಾಬಿ ಜಾರ್ಜ್. ದಂಪತಿಗಳು ನೆಲೆ ಮಾಡಿಕೊಂಡದ್ದು ನಮ್ಮ ಬೆಂಗಳೂರಿನಲ್ಲಿ.

2010ರ ದಿಲ್ಲಿ ಕಾಮನ್‌ವೆಲ್ತ್ ಕೂಟದಲ್ಲಿ ಅಥ್ಲೆಟಿಕ್ಸಿನಿಂದ ಹನ್ನೆರಡು ಪದಕ ಬಂದವು. ಎಸೆತದ ವಿಭಾಗದ ದೊಡ್ಡ ದಿನವೆಂದರೆ ಮಹಿಳೆಯರ ಚಕ್ರ ಎಸೆತದ ದಿನ. ಕೃಷ್ಣಾ ಪೂನಿಯಾ, ಹರ್ವಂತ್ ಕೌರ್, ಸೀಮಾ ಅಂತಿಲ್, ಮೂವರೂ ಭಾರತೀಯರೇ. ವೇದಿಕೆಯ ಮೂರು ಮೆಟ್ಟಿಲೂ ನಮ್ಮವೇ. 1958ರಲ್ಲಿ ಕಾರ್ಡಿಫಿನಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಆ ಕೂಟದ ಅಥ್ಲೆಟಿಕ್ಸಿನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಅದೇ ಕೂಟದಲ್ಲಿ ಪುರುಷರ ಚಕ್ರದಲ್ಲಿ ಬೆಳ್ಳಿ ಗೆದ್ದ ವಿಕಾಸ್ ಗೌಡ ಮೈಸೂರಿನಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋಗಿ ಅಲ್ಲಿ ಬೆಳೆದವರು. ಅವರಿಗೆ ತಂದೆ ಶಿವೇಗೌಡರೇ ಗುರು. 2014ರಲ್ಲಿ ಗ್ಲ್ಯಾಸ್ಗೋದಲ್ಲಿ 63.64 ಮೀಟರ್ ಎಸೆದು ಚಿನ್ನವನ್ನೂ ಗೆದ್ದರು. ದಿಲ್ಲಿಯಲ್ಲಿ ಈಟಿಯ ಕಂಚು ಗೆದ್ದ ಕಾಶಿನಾಥ ನಾಯ್ಕ ಶಿರಸಿಯ ಸೀಮೆಯವರು. ಅವರೂ ಮುಂದೆ ಗುರುವೃತ್ತಿ ಹಿಡಿದರು. ಎಸೆಯುವವರು ಎಸೆಯುವವರನ್ನು ತಯಾರು ಮಾಡುವ ಈ ಸರಪಳಿ ಪಂಜಾಬಿನಿಂದ ಆಚೆಗೂ ಚಾಚಿಕೊಂಡಿದೆಯೆನ್ನಲು ಈ ಎರಡು ಕನ್ನಡದ ಹೆಸರುಗಳು ಸಾಕು.

ಆ ಸಂತೋಷದ ಬೆನ್ನಿಗೇ 2011ರ ಜೂನ್ ತಿಂಗಳು ಬಂತು. ದಿಲ್ಲಿಯಲ್ಲಿಯೂ ಆಮೇಲೆ ಗ್ವಾಂಗ್‌ಜೌ ಏಷ್ಯನ್ ಕೂಟದಲ್ಲಿಯೂ ರಿಲೇ ಚಿನ್ನ ಗೆದ್ದ ತಂಡದ ಓಟಗಾರ್ತಿಯರಲ್ಲಿ ಮೂವರು, ಜತೆಗೆ ಇನ್ನೂ ಕೆಲವರು, ನಿಷಿದ್ಧ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿದರು. ಅವರಿಗೆ ಕಲಿಸುತ್ತಿದ್ದ ಉಕ್ರೇನಿನ ತರಬೇತುದಾರನನ್ನು ಕೆಲಸದಿಂದ ತೆಗೆದರು. ತಮಗೆ ಅರಿವಿಲ್ಲದೆ ಪುಷ್ಟಿಯ ಪದಾರ್ಥದಲ್ಲಿ ಮದ್ದು ಸೇರಿತ್ತೆಂದು ಹುಡುಗಿಯರು ಹೇಳಿದರು. ಆದರೂ ನಿಷೇಧ ತಪ್ಪಲಿಲ್ಲ. ಇದರಲ್ಲಿ ಮುಖ್ಯ ತರಬೇತುದಾರರ ಮೇಲೆ ದೋಷ ಹೊರಿಸುವುದು ನನ್ನ ಉದ್ದೇಶವಲ್ಲ. ಅದಕ್ಕೆ ನನ್ನಲ್ಲಿ ಆಧಾರವೂ ಇಲ್ಲ. ಆದರೆ ಶಿಬಿರವೆಂಬ ಮನೆಗೆ ಒಬ್ಬ ಯಜಮಾನನಿರುವಾಗ ಅಡುಗೆಮನೆಯಲ್ಲಿ ಏನು ಬೇಯುತ್ತಿತ್ತೆಂದು ಜನ ಅವನನ್ನು ಕೇಳಿಯೇ ಕೇಳುತ್ತಾರೆ. ಇಪ್ಪತ್ತೈದು ವರ್ಷದ ಲೆಕ್ಕ ಬರೆಯುವಾಗ ಹನ್ನೆರಡು ಪದಕವನ್ನು ಜಮಾ ಕಡೆಗೆ ಹಾಕಿ, ಇದನ್ನು ಬಿಟ್ಟುಬಿಟ್ಟರೆ ಅದು ಚರಿತ್ರೆಯಾಗದು, ಸನ್ಮಾನಪತ್ರವಾದೀತು.

ಗುಂಡಿಗೇ ಮರಳೋಣ. 2000ದಲ್ಲಿ ಶಕ್ತಿ ಸಿಂಗ್ 20.60 ಮೀಟರ್ ಎಸೆದು ಭಾರತದ ದಾಖಲೆ ಮಾಡಿದರು. 2012ರಲ್ಲಿ ಓಂಪ್ರಕಾಶ್ ಕರ್ಹಾಣಾ ಅದನ್ನು 20.69ಕ್ಕೆ ಏರಿಸಿದರು. 2018ರಲ್ಲಿ ತಜಿಂದರ್‌ಪಾಲ್ ಸಿಂಗ್ ತೂರ್ ಜಕಾರ್ತಾದ ಏಷ್ಯನ್ ಕೂಟದಲ್ಲಿ 20.75. ಹದಿನೆಂಟು ವರ್ಷದ ಒಟ್ಟು ಸಂಪಾದನೆ 15 ಸೆಂಟಿಮೀಟರ್. ಒಂದು ಗೇಣಿಗೂ ಕಡಿಮೆ. ನಿಂತ ನೀರಲ್ಲವೆ ಇದು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಬಹಾದೂರ್ ಸಿಂಗರು ಸ್ವತಃ ಎಸೆಯುತ್ತಿದ್ದ ಕಾಲಕ್ಕೂ ಇದಕ್ಕೂ ನಡುವೆ ಎರಡು ಮೀಟರಿನ ಏರಿಕೆ ಉಂಟೆಂಬುದನ್ನೂ ಸೇರಿಸಿ ಓದಬೇಕು. ತೂರ್ ಗೆದ್ದ ಆ ಜಕಾರ್ತಾ ಕೂಟದಲ್ಲಿ ಭಾರತಕ್ಕೆ ಅಥ್ಲೆಟಿಕ್ಸಿನಿಂದ, ಆಮೇಲಿನ ತಿದ್ದುಪಡಿಗಳೆಲ್ಲ ಸೇರಿ, ಎಂಟು ಚಿನ್ನವೂ ಒಟ್ಟು ಇಪ್ಪತ್ತು ಪದಕಗಳೂ ಬಂದವು. ಅದರಲ್ಲೊಂದು ಈಟಿಯ ಚಿನ್ನ, 88.06 ಮೀಟರ್, ಎಸೆದವನು ಹರಿಯಾಣದ ಇಪ್ಪತ್ತು ವರ್ಷದ ನೀರಜ್ ಚೋಪ್ರಾ.

ನೀರಜನನ್ನು ಪಟಿಯಾಲದ ರಾಷ್ಟ್ರೀಯ ಶಿಬಿರಕ್ಕೆ ಕರೆಸಿಕೊಂಡದ್ದು 2015ರ ರಾಷ್ಟ್ರೀಯ ಕ್ರೀಡಾಕೂಟದ ಅನಂತರ. ಆ ಕೂಟದಲ್ಲಿ ಅವನಿಗೆ ಪದಕ ಸಿಕ್ಕಿರಲಿಲ್ಲ, ಐದನೆಯ ಸ್ಥಾನ. ಆದರೂ ಕರೆದರು. 2016ರಲ್ಲಿ ಪೋಲೆಂಡಿನ ಬಿಡ್ಗೋಷ್ಚಿನಲ್ಲಿ ಅವನು 86.48 ಮೀಟರ್ ಎಸೆದು ಇಪ್ಪತ್ತರೊಳಗಿನವರ ವಿಶ್ವದಾಖಲೆ ಮಾಡಿದಾಗ ಅವನನ್ನು ತಿದ್ದುತ್ತಿದ್ದವನು ಆಸ್ಟ್ರೇಲಿಯದ ಗ್ಯಾರಿ ಕ್ಯಾಲ್ವರ್ಟ್. ಮುಂದೆ ಜರ್ಮನಿಯ ಊವೆ ಹೋನ್, ಆಮೇಲೆ ಕ್ಲಾಸ್ ಬಾರ್ಟೊನಿಯೆಟ್ಸ್. ಅವನ ಕೈಗೆ ಈಟಿಯ ವಿದ್ಯೆ ಕೊಟ್ಟವರು ಬಹಾದೂರ್ ಸಿಂಗರಲ್ಲ. ಅವನು ಬೆಳೆದ ಶಿಬಿರದ ಯಜಮಾನರು ಮಾತ್ರ ಅವರು.

ಅಥ್ಲೆಟಿಕ್ಸಿನಲ್ಲಿ ಒಂದು ಒಲಿಂಪಿಕ್ ಪದಕ. ಅಟ್ಲಾಂಟಾ, ಸಿಡ್ನಿ, ಅಥೆನ್ಸ್, ಬೀಜಿಂಗ್, ಲಂಡನ್, ರಿಯೋ, ಆರು ಒಲಿಂಪಿಕ್ಸುಗಳು ಅವರ ಕೈಕೆಳಗೆ ಬರಿಗೈಯಲ್ಲಿ ಮುಗಿದಿದ್ದವು. ಏಳನೆಯದು ಟೋಕಿಯೋ, 2020ರ ಜುಲೈ 24ಕ್ಕೆ ಆರಂಭವಾಗಬೇಕಾಗಿತ್ತು. ಮಾರ್ಚಿ ತಿಂಗಳಲ್ಲಿ ಕೊರೋನಾ ಮಾರಿಯ ದೆಸೆಯಿಂದ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ಕ್ರೀಡಾ ಪ್ರಾಧಿಕಾರದ ನಿಯಮದಂತೆ ತರಬೇತುದಾರನ ವಯಸ್ಸಿನ ಮಿತಿ ಎಪ್ಪತ್ತು. ಇವರಿಗೆ ಎಪ್ಪತ್ತನಾಲ್ಕು ದಾಟಿತ್ತು. ಅವಧಿಯನ್ನು ಮತ್ತೆ ವಿಸ್ತರಿಸಲಿಲ್ಲ. 2020ರ ಜೂನ್ 30ರಂದು ಬಹಾದೂರ್ ಸಿಂಗರು ಹುದ್ದೆಯಿಂದ ಇಳಿದರು. ಸಹಾಯಕರಾಗಿದ್ದ ರಾಧಾಕೃಷ್ಣನ್ ನಾಯರ್ ಆ ಜಾಗಕ್ಕೆ ಬಂದರು. ನಿಯಮ ನಿಯಮವೇ, ಅದನ್ನು ಮೊದಲೇ ಸಡಿಲಿಸಿಯೂ ಆಗಿತ್ತು; ಆದರೂ ಇನ್ನೊಂದು ವರ್ಷ ಸಡಿಲಿಸಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ ಎಂದು ನನ್ನಂಥವನಿಗೆ ಅನಿಸುತ್ತದೆ.

2021ರ ಆಗಸ್ಟ್ 7ರ ಸಂಜೆ ಟೋಕಿಯೋದಲ್ಲಿ ನೀರಜನ ಈಟಿ 87.58 ಮೀಟರಿಗೆ ಹೋಗಿ ನೆಟ್ಟಿತು. ಒಲಿಂಪಿಕ್ ಅಥ್ಲೆಟಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಪದಕ, ಅದೂ ಚಿನ್ನ, ಅದೂ ಎಸೆತದಲ್ಲಿ. ಮುಖ್ಯ ತರಬೇತುದಾರರ ಕುರ್ಚಿಯನ್ನು ಬಹಾದೂರರು ಬಿಟ್ಟು ಹದಿಮೂರು ತಿಂಗಳಾಗಿತ್ತು.

ಗುಂಡಿನ ಸುದ್ದಿ ಇನ್ನೊಂದಿಷ್ಟು ಉಳಿದಿದೆ. ತೂರ್ 2021ರಲ್ಲಿ ಪಟಿಯಾಲದಲ್ಲಿ 21.49 ಮೀಟರಿಗೂ, 2023ರಲ್ಲಿ 21.77 ಮೀಟರಿಗೂ ಏರಿ ಏಷ್ಯದ ದಾಖಲೆಯನ್ನೇ ತಿದ್ದಿದರು. ನಿಂತಿದ್ದ ನೀರು ಕಟ್ಟೆಯೊಡೆದಂತೆ ಎರಡೇ ಹಾರಿಗೆ ಒಂದು ಮೀಟರ್. 2023ರ ಅಕ್ಟೋಬರ್ 1ರಂದು ಹಾಂಗ್‌ಜೌ ಏಷ್ಯನ್ ಕೂಟದಲ್ಲಿ ಮಾತ್ರ ಅವರಿಗೆ ದಿನ ಒದಗಿ ಬರಲಿಲ್ಲ. ಮೊದಲ ಎರಡು ಎಸೆತಗಳು ಅಸಿಂಧುವಾದವು. ಸೌದಿ ಅರೇಬಿಯದ ಮಹಮ್ಮದ್ ತೋಲೋ 20.18 ಮೀಟರಿನೊಂದಿಗೆ ಮುಂದಿದ್ದ. ಆರನೆಯ, ಕಡೆಯ ಎಸೆತಕ್ಕೆ ತೂರ್ ವೃತ್ತದೊಳಕ್ಕೆ ಕಾಲಿಟ್ಟರು, ಗುಂಡು 20.36ರಲ್ಲಿ ಬಿತ್ತು. ಏಷ್ಯನ್ ಕೂಟದಲ್ಲಿ ಗುಂಡಿನ ಚಿನ್ನವನ್ನು ಗೆದ್ದು, ಮುಂದಿನ ಕೂಟದಲ್ಲಿ ಅದನ್ನು ಉಳಿಸಿಕೊಂಡ ನಾಲ್ಕನೆಯ ಭಾರತೀಯ ಅವರು. ಮರುದಿನದ ಪತ್ರಿಕೆಗಳಲ್ಲಿ ಅವರ ಹಿಂದಿನ ಮೂವರ ಹೆಸರೂ ಒಂದೇ ಸಾಲಿನಲ್ಲಿ ಅಚ್ಚಾಗಿದ್ದವು: ಪ್ರದ್ಯುಮ್ನ ಸಿಂಗ್ ಬ್ರಾರ್, ಜೋಗಿಂದರ್ ಸಿಂಗ್, ಬಹಾದೂರ್ ಸಿಂಗ್ ಚೌಹಾಣ್.